ಅಪ್‌ಡೇಟ್: ಫ್ರೀಲಾನ್ಸ್ ಬರವಣಿಗೆಗೆ ಕ್ಲೈಂಟ್ ಸಿಗ್ತಿಲ್ಲ ಅಂತ ಕೇಳಿದ್ದೆನಲ್ಲ

‘ಏನು ಬೇಕಾದರೂ ಬರೆದುಕೊಡ್ತೀನಿ’ ಅನ್ನೋ ಮೇಲ್‌ಗಳಿಗೆ ಉತ್ತರವೇ ಇರಲಿಲ್ಲ. ನೀವು ಹೇಳಿದ ಹಾಗೆ ಒಂದೇ ಕೆಲಸ ಹಿಡಿದೆ: ಇಂಗ್ಲಿಷ್ ಬ್ರೋಷರ್‌ಗಳನ್ನು ಕನ್ನಡಕ್ಕೆ ತರೋದು. ಈಗ ಉತ್ತರ ಬರ್ತಿದೆ.

ಫಲ ಕೊಟ್ಟಿದ್ದು ಇದು: ಕೆಲಸ ಕೇಳ್ತಿರೋ ಕಂಪನಿಯ ಕನ್ನಡ ವೆಬ್ ಪುಟದಿಂದಲೇ ಎರಡು ತೊಡಕಿನ ಸಾಲು ಎತ್ತಿ, ಪಕ್ಕದಲ್ಲಿ ತಿದ್ದಿದ ರೂಪ ಇಟ್ಟು ಕಳಿಸಿ. ರೆಸ್ಯೂಮೆ ಬೇಡ, ಯಾರೂ ತೆರೆಯಲ್ಲ.

ಬ್ರೋಷರ್ ಪುಟ ಜೋಡಿಸೋ ಡಿಸೈನರ್‌ಗೆ ಕನ್ನಡ ಪಠ್ಯ ಯೂನಿಕೋಡ್‌ನಲ್ಲಿ (ಫೋನ್, ವೆಬ್‌ನಲ್ಲೆಲ್ಲ ಬಳಸೋ ಅಕ್ಷರ ಸಂಕೇತ) ಬೇಕೋ ಹಳೆಯ ಸಂಕೇತದ ನುಡಿ ಫಾಂಟ್‌ನಲ್ಲಿ ಬೇಕೋ ಮೊದಲೇ ಕೇಳಿಕೊಳ್ಳಿ. ಪುಟವಿನ್ಯಾಸದ ಸಾಫ್ಟ್‌ವೇರ್ ಇನ್‌ಡಿಸೈನ್‌ನಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಅನ್ನೋ ಸೆಟ್ಟಿಂಗ್ ಹಾಕದಿದ್ದರೆ ಯೂನಿಕೋಡ್ ಒತ್ತಕ್ಷರಗಳೆಲ್ಲ ಒಡೆದುಹೋಗುತ್ತವೆ. ಬೈಸಿಕೊಳ್ಳೋದು ಮಾತ್ರ ಬರೆದುಕೊಟ್ಟ ನಾವು! ದರವನ್ನು ಮೂಲ ಇಂಗ್ಲಿಷ್ ಪದಗಳ ಲೆಕ್ಕದಲ್ಲೇ ಹೇಳಿ. ವಿಭಕ್ತಿ ಅಂಟಿಕೊಳ್ಳೋದರಿಂದ ಕನ್ನಡದಲ್ಲಿ ಪದಸಂಖ್ಯೆ ಇಳಿಯುತ್ತೆ, ದುಡ್ಡೂ ಇಳಿಯುತ್ತೆ. ಕ್ಲೈಂಟ್ ಹೊಸಬರಾದರೆ ಅರ್ಧ ಮುಂಗಡ ಪಡೆಯಿರಿ. ಜಿಎಸ್‌ಟಿ ಕೇಳಿದವರಿಗೆ: ಕರ್ನಾಟಕದಲ್ಲಿ ಸೇವೆಗಳಿಗೆ ಜಿಎಸ್‌ಟಿ ನೋಂದಣಿಯ ವಾರ್ಷಿಕ ವಹಿವಾಟಿನ ಸಾಮಾನ್ಯ ಮಿತಿ 20 ಲಕ್ಷ ರೂಪಾಯಿ.