ಕಾಲ್ನಡಿಗೆಯಲ್ಲಿ ಡೇರೆ ಹಾಕುವ ಜಾಗ: ಅನುಭವ ಹಂಚಿಕೆ

ಕೇಳಿದ್ದು: ಧಾರವಾಡದಿಂದ ಗದಗ ಜಿಲ್ಲೆಯ ಕಡೆಗೆ ಕೆಲವು ದಿನ ನಡೆದು ಹೋಗುವ ಯೋಚನೆಯಿದೆ. ರಾತ್ರಿ ಡೇರೆ ಹಾಕುವ ಜಾಗವನ್ನು ಏನು ನೋಡಿ ಆರಿಸಬೇಕು? ನಡೆದು ಬಲ್ಲವರು ದಯವಿಟ್ಟು ತಿಳಿಸಿರಿ.

ಗದಗಿನಿಂದ: ನಮ್ಮ ಸೀಮೆಯಲ್ಲಿ ಎಲ್ಲಕ್ಕಿಂತ ಮೊದಲು ಮಣ್ಣನ್ನು ನೋಡಬೇಕು. ಎರೆ ಹೊಲ, ಅಂದರೆ ಕಪ್ಪು ಮಣ್ಣಿನ ಹೊಲ, ಒಣಗಿರುವಾಗ ಹಾಸಿದಂತೆ ಸಮತಟ್ಟಾಗಿ ಕಂಡರೂ, ಒಂದು ಮಳೆ ಬಿದ್ದರೆ ಉಬ್ಬಿ ಅಂಟಾಗಿ, ಡೇರೆಯ ಗೂಟ ಸಡಿಲಗೊಂಡು, ಮುಂಜಾನೆ ಹೆಜ್ಜೆಹೆಜ್ಜೆಗೂ ಬೂಟಿಗೆ ಮಣ್ಣು ಮೆತ್ತಿ ಮುಂದಿನ ದಾರಿಯೇ ಭಾರವಾಗುತ್ತದೆ. ಬೇಸಿಗೆಯಲ್ಲಿ ಅದೇ ನೆಲ ಬಿರಿಯುತ್ತದೆ, ಆ ಬಿರುಕುಗಳಲ್ಲಿ ಚೇಳು, ಹಾವುಗಳು ಸೇರಿಕೊಳ್ಳುತ್ತವೆ. ಮಸಾರಿ (ಕೆಂಪು ಮಣ್ಣು) ಅಥವಾ ಗರಸಿನ (ಸಣ್ಣ ಕಲ್ಲು ಬೆರೆತ) ನೆಲ ನೀರನ್ನು ಬೇಗ ಇಳಿಸಿಕೊಳ್ಳುವುದರಿಂದ, ಅದಕ್ಕಾಗಿ ಇನ್ನಷ್ಟು ದೂರ ನಡೆಯಬೇಕಾದರೂ ನಡೆಯುವುದೇ ಲೇಸು. ಜಾಲಿ ಮುಳ್ಳನ್ನು ಕೈಯಿಂದ ಆರಿಸಿ ತೆಗೆದ ಮೇಲೆಯೇ ಡೇರೆ ಹಾಸಿರಿ. ನಮ್ಮ ಜಿಲ್ಲೆಯ ಕಪ್ಪತಗುಡ್ಡವು 2019ರಲ್ಲಿ ವನ್ಯಜೀವಿಧಾಮವಾಗಿದೆ. ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಅಲ್ಲಿ ತಂಗುವ ವಿಚಾರ ಬೇಡ.

ನವಲಗುಂದದ ಕಡೆಯಿಂದ: ಮೇಲಿನವರು ಹೇಳಿದ ಮಣ್ಣಿನ ಮಾತನ್ನು ಒಪ್ಪುತ್ತೇನೆ. ಆದರೆ ಒಳ್ಳೆಯ ನೆಲವನ್ನು ಹುಡುಕುತ್ತಾ ಹಳ್ಳದ ಉಸುಕಿಗೆ ಇಳಿಯಬೇಡಿರಿ. ಶಿಗ್ಗಾವಿ ಸೀಮೆಯಲ್ಲಿ ಹುಟ್ಟಿ ಮಲಪ್ರಭೆಯನ್ನು ಸೇರುವ ಬೆಣ್ಣಿಹಳ್ಳದ ಸ್ವಭಾವವನ್ನು ಇಲ್ಲಿಯವರು ಬಲ್ಲರು: ಹಳ್ಳದ ಮೇಲ್ಭಾಗದಲ್ಲಿ ಮಳೆಯಾದರೆ, ನಮ್ಮ ತಲೆಯ ಮೇಲೆ ಚುಕ್ಕೆಗಳು ಕಾಣುತ್ತಿರುವಾಗಲೇ ಇಲ್ಲಿ ನೀರು ಏರಬಹುದು. ದಂಡೆಯ ಗಿಡಗಂಟಿಗಳಲ್ಲಿ ಸಿಕ್ಕಿಕೊಂಡ ಕಸಕಡ್ಡಿ ಎಷ್ಟು ಎತ್ತರದಲ್ಲಿದೆ ಎಂಬುದನ್ನು ಗಮನಿಸಿ, ಅದಕ್ಕಿಂತ ಸಾಕಷ್ಟು ಮೇಲೆ ಉಳಿಯಿರಿ. ಹಾಗೆಂದು ದಿಬ್ಬದ ನೆತ್ತಿಗೆ ಹೋಗುವುದೂ ಸರಿಯಲ್ಲ. ಏಪ್ರಿಲ್, ಮೇ ತಿಂಗಳ ಅಡ್ಡಮಳೆ ಗುಡುಗು ಸಿಡಿಲುಗಳೊಂದಿಗೆ ಬರುವುದರಿಂದ ನೆತ್ತಿಯೂ ಒಂಟಿ ಮರದ ಬುಡವೂ ಅಪಾಯದ ತಾಣಗಳು. ಸಿಡಿಲು ಶುರುವಾದರೆ ಡೇರೆಯನ್ನು ನಂಬದೆ ಊರೊಳಗಿನ ಗಟ್ಟಿ ಕಟ್ಟಡಕ್ಕೆ ಹೋಗಬೇಕು.

ಹಾವೇರಿಯಿಂದ: ಮಳೆಗಾಲದಲ್ಲಿ ಗಾಳಿ ಪಡುವಣದಿಂದ ಬಲವಾಗಿ ಬೀಸುತ್ತದೆ, ಆದ್ದರಿಂದ ಡೇರೆಯ ಬಾಗಿಲು ಮೂಡಣಕ್ಕಿರಲಿ. ಕೊಯ್ಲಾದ ಹೊಲವಾದರೂ ಒಡೆಯರನ್ನು ಕೇಳದೆ ಇಳಿಯಬಾರದು. ಸಂಜೆಯ ಬೆಳಕಿರುವಾಗಲೇ ಊರು ಮುಟ್ಟಿ ಹಿರಿಯರನ್ನು ವಿಚಾರಿಸಿದರೆ, ಯಾವ ಹೊಲದಲ್ಲಿ ನೀರು ನಿಲ್ಲುತ್ತದೆ, ಹಂದಿಗಳು ಯಾವ ದಾರಿಯಲ್ಲಿ ಬರುತ್ತವೆ ಎಂಬುದನ್ನು ಅವರೇ ಹೇಳುತ್ತಾರೆ; ಅನೇಕ ಕಡೆ ಗುಡಿಯ ಕಟ್ಟೆಯಲ್ಲೇ ಮಲಗಲು ಹೇಳಿ ಕುಡಿಯುವ ನೀರನ್ನೂ ಕೊಡುತ್ತಾರೆ.