ತಿಂಗಳಲ್ಲಿ 6 ದಿನ ಕೆಲಸ, ಮಿಕ್ಕಿದ್ದು ಖಾಲಿ: ಯುವನಿಧಿ ಸಿಗುತ್ತಾ, ಇಎಸ್‌ಐ ಭತ್ಯೆ ಸಿಗುತ್ತಾ?

ಕೊಪ್ಪಲು_ಕಂಪ್ಯೂಟರ್ (ಮಂಡ್ಯ) — ಪ್ರಶ್ನೆ

ಗೆಜ್ಜಲಗೆರೆ, ತೂಬಿನಕೆರೆ ಕಡೆ ಕಂಟ್ರಾಕ್ಟರ್ ಕೈಕೆಳಗೆ ದುಡಿಯೋ ಹುಡುಗ ಹುಡುಗಿಯರು ಅರ್ಜಿ ಹಾಕಿಸಲು ಬಂದಾಗಲೆಲ್ಲ ಕೇಳುವ ಪ್ರಶ್ನೆ ಇದು. ಡಿಗ್ರಿ ಮುಗಿದಿದೆ. ಆರ್ಡರ್ ಇದ್ದರೆ ತಿಂಗಳಿಗೆ 20 ದಿನ ಕರೆಯುತ್ತಾರೆ, ಇಲ್ಲದಿದ್ದರೆ 6 ದಿನ, ಒಂದೊಂದು ತಿಂಗಳು ಸೊನ್ನೆ. ಖಾಲಿ ಇದ್ದಾಗ ಚೌಲ್ಟ್ರಿಗಳಲ್ಲಿ ಊಟ ಬಡಿಸುವುದು, ದಸರಾ ಬಂದರೆ ಮೈಸೂರಿನಲ್ಲಿ ವಸ್ತುಪ್ರದರ್ಶನದ ಮಳಿಗೆ ಕಾಯುವುದು. ಇಂಥವರು ರಾಜ್ಯ ಸರ್ಕಾರದ ನಿರುದ್ಯೋಗ ಭತ್ಯೆಯಾದ ಯುವನಿಧಿ ತಗೊಳ್ಳಬಹುದಾ? ಸಂಬಳದಿಂದ ಇಎಸ್‌ಐ (ಕಾರ್ಮಿಕರ ವಿಮೆ) ಕಟ್ ಆಗ್ತಾ ಇದ್ದವರಿಗೆ ಅದರ ನಿರುದ್ಯೋಗ ಭತ್ಯೆ ಬರುತ್ತಾ? ಕೆಲಸ ಇಲ್ಲದ ದಿನಗಳಿಗೆ ಮಾತ್ರ ಲೆಕ್ಕ ಹಾಕಿ ಕೊಡುವ ಪದ್ಧತಿ ಏನಾದರೂ ಇದೆಯಾ?

ಸೇವಾಸಿಂಧು_ಸರತಿ (ಮೈಸೂರು)

ಕೊನೆಯ ಪ್ರಶ್ನೆಗೆ ಮೊದಲು ಉತ್ತರ: ಇಲ್ಲ. ಕೆಲವು ದೇಶಗಳಲ್ಲಿ ವಾರದ ದುಡಿಮೆ ತೋರಿಸಿದರೆ ಅಷ್ಟು ಕಳೆದು ಮಿಕ್ಕ ಭತ್ಯೆ ಕೊಡುತ್ತಾರೆ. ನಮ್ಮಲ್ಲಿ ಆ ಖಾನೆಯೇ ಇಲ್ಲ. ಕೆಲಸ ಇದೆ, ಇಲ್ಲವೇ ಇಲ್ಲ, ಎರಡೇ.

ಯುವನಿಧಿ ನೋಡಿ. ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾ ಆದವರಿಗೆ 1,500 ರೂಪಾಯಿ. ಪಾಸಾಗಿ 180 ದಿನ ಕೆಲಸ ಸಿಗದಿದ್ದವರಿಗೆ ಗರಿಷ್ಠ 2 ವರ್ಷ, ಅಥವಾ ಕೆಲಸ ಸಿಗುವವರೆಗೆ, ಯಾವುದು ಮೊದಲೋ ಅದು. ರಾಜ್ಯ ಸರ್ಕಾರದ ಸೇವಾ ಸಿಂಧು ಪೋರ್ಟಲ್‌ನಲ್ಲಿ ಅರ್ಜಿ. ಆಮೇಲೆ ನಿಗದಿತ ಅವಧಿಗೊಮ್ಮೆ ಆಧಾರ್ ಒಟಿಪಿ ಹಾಕಿ ಸ್ವಯಂ ಘೋಷಣೆ ಕೊಡಬೇಕು: ಉದ್ಯೋಗದಲ್ಲಿಲ್ಲ, ಸ್ವಯಂ ಉದ್ಯೋಗಿಯಲ್ಲ, ಮುಂದೆ ಓದುತ್ತಿಲ್ಲ ಅಂತ. ಘೋಷಣೆ ಕೊಡದಿದ್ದರೆ ಹಣ ಇಲ್ಲ.

ಈಗ ನಿಮ್ಮವರ ವಿಷಯ. "ತಿಂಗಳಿಗೆ ಇಷ್ಟು ದಿನದ ತನಕ ದುಡಿದರೆ ಪರವಾಗಿಲ್ಲ" ಅನ್ನುವ ಮಿತಿ ಆ ಯೋಜನೆಯಲ್ಲಿ ಇಲ್ಲ. ಪಿಎಫ್, ಇಎಸ್‌ಐ ಕಟ್ ಆಗುವ ಕೆಲಸ ಆರು ದಿನದ್ದಾದರೂ ಖಾಸಗಿ ಉದ್ಯೋಗವೇ. ಅದು ಆಧಾರ್‌ಗೆ ಅಂಟಿಕೊಂಡಿರುವ ದಾಖಲೆ, ಅಡಗಿಸಿಡಲು ಆಗುವುದಿಲ್ಲ. ಅಂಥವರು ಘೋಷಣೆ ಕೊಟ್ಟರೆ ಅದು ಸುಳ್ಳು ಘೋಷಣೆ, ಪಡೆದದ್ದನ್ನು ವಾಪಸ್ ಕಟ್ಟಿಸಿಕೊಂಡು ದಂಡವನ್ನೂ ಹಾಕಬಹುದು. ಅಪ್ರೆಂಟಿಸ್ ಸ್ಟೈಪೆಂಡ್ ಬರುವವರಿಗೂ, ಸರ್ಕಾರಿ ಯೋಜನೆಯ ಸಾಲದಲ್ಲಿ ಸ್ವಂತ ಅಂಗಡಿ ಇಟ್ಟವರಿಗೂ ಇಲ್ಲ.

ಬಡಿಸೋನು_ಬಲ್ಲ

ಚೌಲ್ಟ್ರಿಯಲ್ಲಿ ಎರಡು ದಿನ ಬಡಿಸಿ ಕೈಗೆ ಕಾಸು ಇಸಕೊಂಡರೆ ಯಾರಿಗೆ ಗೊತ್ತಾಗುತ್ತೆ ಸ್ವಾಮಿ?

ಸೇವಾಸಿಂಧು_ಸರತಿ (ಮೈಸೂರು)

ಗೊತ್ತಾಗದೇ ಇರಬಹುದು, ಆದರೆ ಘೋಷಣೆಯ ಕೆಳಗಿರುವ ಹೆಸರು ಅರ್ಜಿದಾರನದು. ಬಡಿಸುವ ಕೆಲಸ ಅಪರೂಪಕ್ಕೆ ಒಂದಾ, ಸೀಸನ್ ಪೂರ್ತಿನಾ ಅನ್ನೋದನ್ನು ಮುಚ್ಚಿಡದೆ ಜಿಲ್ಲಾ ಉದ್ಯೋಗ ವಿನಿಮಯ ಕಚೇರಿಯಲ್ಲಿ ಬರಹದಲ್ಲಿ ಕೇಳಿ, ಸ್ವೀಕೃತಿ ಮುದ್ರೆ ಹಾಕಿಸಿಕೊಂಡು ಇಟ್ಟುಕೊಳ್ಳುವುದೇ ಸರಿ. ಬಾಯಿಮಾತಿನಲ್ಲಿ "ನಡೀತದೆ ಬಿಡಿ" ಅಂದದ್ದು ನಾಳೆ ಲೆಕ್ಕಕ್ಕೆ ಬರೋದಿಲ್ಲ.

ಚಲನ್_ಓದುಗ (ಹೂಟಗಳ್ಳಿ)

ಇಎಸ್‌ಐ ಭಾಗ ನಾನು ಹೇಳುತ್ತೇನೆ. ಜನಕ್ಕೆ ಕಡಿಮೆ ಗೊತ್ತಿರುವುದು ಇದೇ.

ಹೆಸರು ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ್ ಯೋಜನೆ. 2018ರ ಜುಲೈ 1ರಿಂದ ಪ್ರಾಯೋಗಿಕವಾಗಿ ಶುರುವಾಗಿ ಅವಧಿ ವಿಸ್ತರಿಸಿಕೊಂಡು ಬಂದಿರುವಂಥದ್ದು. ಆದ್ದರಿಂದ ಅರ್ಜಿ ಹಾಕುವ ದಿನ ಚಾಲ್ತಿಯಲ್ಲಿದೆಯಾ ಅಂತ ಇಎಸ್‌ಐ ಶಾಖಾ ಕಚೇರಿಯಲ್ಲಿ ಮೊದಲು ಕೇಳಿ. ಜೀವಮಾನಕ್ಕೆ ಒಟ್ಟು 90 ದಿನ ಮಾತ್ರ. ಮೊದಲು ಸರಾಸರಿ ದಿನಗೂಲಿಯ ಶೇ. 25 ಇತ್ತು, 2020ರ ಮಾರ್ಚ್ 24ರಿಂದ ಶೇ. 50 ಆಯಿತು. ಕೆಲಸ ಹೋಗಿ 30 ದಿನ ಕಳೆದ ಮೇಲೆ ಕ್ಲೇಮು.

ಷರತ್ತು: ಕೆಲಸ ಹೋಗುವ ಮುಂಚೆ 2 ವರ್ಷ ವಿಮೆಯಲ್ಲಿರಬೇಕು. ಹೋಗುವ ಮುಂಚಿನ ವಂತಿಗೆ (ಇಎಸ್‌ಐಗೆ ಕಟ್ಟುವ ಪಾಲು) ಅವಧಿಯಲ್ಲಿ ಕನಿಷ್ಠ 78 ದಿನ, ಅದರ ಹಿಂದಿನ ಮೂರು ಅವಧಿಗಳಲ್ಲಿ ಯಾವುದಾದರೂ ಒಂದರಲ್ಲಿ 78 ದಿನ ವಂತಿಗೆ ಬಿದ್ದಿರಬೇಕು. ವಂತಿಗೆ ಅವಧಿ ಅಂದರೆ ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್. ಆರು ತಿಂಗಳಿಗೆ 78 ಅಂದರೆ ತಿಂಗಳಿಗೆ ಸರಾಸರಿ 13 ದಿನ. ಎರಡು ತಿಂಗಳು 20 ದಿನ, ಒಂದು ತಿಂಗಳು 6, ಮಿಕ್ಕಿದ್ದು ಸೊನ್ನೆ ಆದರೆ 46ಕ್ಕೇ ನಿಂತುಬಿಡುತ್ತೆ. ನೀವು ಹೇಳಿದ ಹುಡುಗರು ಎಡವುವುದು ಇಲ್ಲೇ.

ಮೊತ್ತದಲ್ಲೂ ಒಂದು ಒಳಸುಳಿ ಇದೆ. ಸರಾಸರಿ ತೆಗೆಯುವಾಗ ನಾಲ್ಕು ವಂತಿಗೆ ಅವಧಿಗಳ ಒಟ್ಟು ಸಂಬಳವನ್ನು 730ರಿಂದ ಭಾಗಿಸುತ್ತಾರೆ, ದುಡಿದ ದಿನಗಳಿಂದ ಅಲ್ಲ. ತಿಂಗಳಿಗೆ 14,000ದಂತೆ 24 ತಿಂಗಳೂ ದುಡಿದವರಿಗೆ ದಿನಕ್ಕೆ 230 ರೂಪಾಯಿ, 90 ದಿನಕ್ಕೆ ಸುಮಾರು 20,700. ಅದೇ ಸಂಬಳದಲ್ಲಿ 15 ತಿಂಗಳು ಮಾತ್ರ ಕರೆಸಿಕೊಂಡವರಿಗೆ 2,10,000 ÷ 730 = 287.67. ಅದರ ಅರ್ಧ 143.84. ಒಟ್ಟು 12,945. ಖಾಲಿ ಕೂತ ತಿಂಗಳುಗಳು ಹೀಗೆ ಎರಡನೇ ಸಲ ಹೊಡೆಯುತ್ತವೆ.

ಇಬ್ಬರು ಮಾಲೀಕರ ಹತ್ತಿರ ಇಎಸ್‌ಐ ಇದ್ದರೆ ಎರಡೂ ಕಡೆ ಕೆಲಸ ಹೋದರೆ ಮಾತ್ರ ನಿರುದ್ಯೋಗಿ. ತಾವಾಗಿ ಕೆಲಸ ಬಿಟ್ಟುಹೋದವರಿಗೂ, ಶಿಸ್ತುಕ್ರಮದಲ್ಲಿ ತೆಗೆದುಹಾಕಿದವರಿಗೂ ಇಲ್ಲ. ಕಂಟ್ರಾಕ್ಟರ್ ಕೊಡುವ ಖಾಲಿ ಹಾಳೆಗೆ "ಸ್ವಂತ ಕಾರಣದಿಂದ ಬಿಡುತ್ತಿದ್ದೇನೆ" ಅಂತ ಸಹಿ ಮಾಡಬೇಡಿ ಅನ್ನುವುದು ಇದಕ್ಕೇ.

ಕೊಪ್ಪಲು_ಕಂಪ್ಯೂಟರ್ (ಮಂಡ್ಯ)

ಒಬ್ಬಳದು 78 ದಿನ ಸರಿಯಾಗಿದೆ, ಎರಡು ವರ್ಷವೂ ಆಗಿದೆ. ಮೂರು ತಿಂಗಳಿಂದ ಕರೆದಿಲ್ಲ. ಆದರೂ ಪೋರ್ಟಲ್‌ನಲ್ಲಿ ಕೆಲಸದಲ್ಲಿದ್ದಾಳೆ ಅಂತಲೇ ತೋರಿಸುತ್ತಿದೆ.

ಚಲನ್_ಓದುಗ (ಹೂಟಗಳ್ಳಿ)

ಕಂಟ್ರಾಕ್ಟರ್ ತಿಂಗಳ ವಂತಿಗೆ ತುಂಬುವಾಗ ಸೊನ್ನೆ ದಿನ ಹಾಕಿದರೆ ಒಂದು ಕಾರಣ ಸಂಕೇತ ಆರಿಸಬೇಕು. "ನೋ ವರ್ಕ್", "ಆನ್ ಲೀವ್", "ಲೆಫ್ಟ್ ಸರ್ವಿಸ್", "ರಿಟ್ರೆಂಚ್‌ಮೆಂಟ್" ಎಲ್ಲ ಬೇರೆ ಬೇರೆ. ನಾಳೆ ಮತ್ತೆ ಕರೆಯಬೇಕಾದೀತು ಅಂತ ಬಹಳಷ್ಟು ಕಂಟ್ರಾಕ್ಟರುಗಳು "ನೋ ವರ್ಕ್" ಒತ್ತಿ ಕೈತೊಳೆದುಕೊಳ್ಳುತ್ತಾರೆ. ಆಗ ಹುಡುಗಿಗೆ ಸಂಬಳವೂ ಇಲ್ಲ, ದಾಖಲೆಯಲ್ಲಿ ಕೆಲಸವೂ ಹೋಗಿಲ್ಲ. ಕೊನೆಯ ಕೆಲಸದ ದಿನದ ಸಮೇತ ಸರಿಯಾದ ಕಾರಣ ನಮೂದಿಸಲು ಬರಹದಲ್ಲಿ ಕೇಳಲಿ. ಕಂಟ್ರಾಕ್ಟರ್ ಒಪ್ಪದಿದ್ದರೆ ಆ ಪತ್ರದ ಪ್ರತಿ, ಸಂಬಳ ಬಂದ ಪಾಸ್‌ಬುಕ್ ಪುಟ, ಹಾಜರಿ ಚೀಟಿ ಹಿಡಿದು ಶಾಖಾ ಕಚೇರಿಗೆ ದೂರು.

ಇನ್ನೊಂದು ತಪಾಸಣೆ ಮಾಡಿ: ಕಂಟ್ರಾಕ್ಟರ್ ಬದಲಾದಾಗ ಹೊಸ ಇಎಸ್‌ಐ ನಂಬರ್ ಮಾಡಿಬಿಟ್ಟಿದ್ದಾರಾ ಅಂತ. ನಂಬರ್ ಜೀವನಪೂರ್ತಿ ಒಂದೇ ಇರಬೇಕು. ಎರಡಾಗಿದ್ದರೆ ವಂತಿಗೆ ದಿನಗಳು ಹೋಳಾಗಿ 78 ತುಂಬುವುದಿಲ್ಲ. ಸೇರಿಸಲು ಶಾಖಾ ಕಚೇರಿಯಲ್ಲೇ ಅರ್ಜಿ ಕೊಡಬೇಕು.

ಕ್ಲೇಮು ಇಎಸ್‌ಐ ಪೋರ್ಟಲ್‌ನ ವಿಮಾದಾರರ ಲಾಗಿನ್‌ನಿಂದ ಹಾಕಿ, ಪ್ರಿಂಟ್ ತೆಗೆದು ಸಹಿ ಮಾಡಿ, ಆಧಾರ್ ಮತ್ತು ಪಾಸ್‌ಬುಕ್ ಪ್ರತಿ ಜೊತೆ ಶಾಖಾ ಕಚೇರಿಗೆ ಕೊಡುವುದು. ಮಾಲೀಕನ ಮೂಲಕ ಹೋಗಬೇಕಿಲ್ಲ, ಹಣ ನೇರ ಖಾತೆಗೆ. ಮಧ್ಯದಲ್ಲಿ ಬೇರೆ ಕೆಲಸ ಸಿಕ್ಕರೆ ಆ ದಿನಕ್ಕೆ ಭತ್ಯೆ ನಿಲ್ಲುತ್ತೆ, ಅಲ್ಲಿಯವರೆಗಿನದು ಮಾತ್ರ.

ಯುಎಎನ್_ಯಜಮಾನ್ತಿ

ಪಿಎಫ್ ಕಡೆ ಇದೇ ತೊಂದರೆಗೆ ಮದ್ದು ಸುಲಭ. ಕೊನೆಯ ವಂತಿಗೆ ಬಿದ್ದು ಎರಡು ತಿಂಗಳಾಗಿದ್ದರೆ ಯುಎಎನ್ (ಪಿಎಫ್ ಸದಸ್ಯರ ನಂಬರ್) ಪೋರ್ಟಲ್‌ನಲ್ಲಿ ಮ್ಯಾನೇಜ್, ಅದರೊಳಗೆ ಮಾರ್ಕ್ ಎಕ್ಸಿಟ್. ಖಾತೆ ಆರಿಸಿ, ಕೆಲಸ ಬಿಟ್ಟ ದಿನ, ಕಾರಣ ಹಾಕಿ, ಒಟಿಪಿ ಕೊಟ್ಟರೆ ಮುಗೀತು. ದಿನಾಂಕ ಹುಷಾರಾಗಿ ಹಾಕಿ, ತಪ್ಪು ದಿನ ಬಿದ್ದರೆ ತಿದ್ದಿಸಲು ಮತ್ತೆ ಅದೇ ಕಂಟ್ರಾಕ್ಟರ್ ಹಿಂದೆ ಅಲೆಯಬೇಕಾದೀತು.

ಯುವನಿಧಿ ಮಂಜೂರಾಗಿದ್ದರೂ ಹಣ ಕಾಣದಿದ್ದರೆ ಆಧಾರ್ ಸೀಡಿಂಗ್, ಅಂದರೆ ಸರ್ಕಾರದ ಹಣ ಬರಲು ಆಧಾರ್ ಯಾವ ಖಾತೆಗೆ ಜೋಡಣೆಯಾಗಿದೆ ಅನ್ನೋದನ್ನು ನೋಡಿ. ಬ್ಯಾಂಕಿಗೆ ಆಧಾರ್ ಪ್ರತಿ ಕೊಟ್ಟದ್ದು ಬೇರೆ, ಸೀಡಿಂಗ್ ಬೇರೆ. ಡಿಬಿಟಿ (ನೇರ ವರ್ಗಾವಣೆ) ಹಣ ಕೊನೆಯದಾಗಿ ಸೀಡ್ ಆದ ಖಾತೆಗೆ ಹೋಗುತ್ತೆ, ಅರ್ಜಿಯಲ್ಲಿ ಬರೆದ ಖಾತೆಗಲ್ಲ. ಸಿಮ್ ತಗೊಳ್ಳುವಾಗ ತೆರೆದ ಪೇಮೆಂಟ್ ಬ್ಯಾಂಕ್ ಖಾತೆಯಲ್ಲಿ ಮೂರು ತಿಂಗಳ ದುಡ್ಡು ಕೂತಿರುತ್ತೆ, ಇಲ್ಲಿ ಎಸ್‌ಬಿಐ ಮುಂದೆ ಕ್ಯೂ ನಿಂತಿರುತ್ತಾರೆ. ಆಧಾರ್ ಜಾಲತಾಣದ ಬ್ಯಾಂಕ್ ಸೀಡಿಂಗ್ ಸ್ಟೇಟಸ್‌ನಲ್ಲಿ ಯಾವ ಬ್ಯಾಂಕ್ ಅಂತ ಒಂದು ನಿಮಿಷಕ್ಕೆ ತಿಳಿಯುತ್ತೆ.