ಲೈಮ್ ಔಷಧಿ ನಡೆಯುವಾಗ ನರದ ತೊಂದರೆ: ನಿಮಗೆ ಹೇಗಿತ್ತು?

ಪ್ರಶ್ನೆ: ಉಣ್ಣಿ ಕಚ್ಚಿ ಬರುವ ಲೈಮ್ ಕಾಯಿಲೆ ನನಗೆ ನರಕ್ಕೂ ಹೋಗಿದೆ. ಡಾಕ್ಸಿಸೈಕ್ಲಿನ್ ಅನ್ನುವ ಆಂಟಿಬಯೋಟಿಕ್ ಮಾತ್ರೆ ಶುರುವಾಗಿದೆ. ಮುಖದ ಒಂದು ಪಕ್ಕ ಜೋತುಬಿದ್ದಿದೆ, ರಾತ್ರಿಯಾದರೆ ಕಾಲು ಉರಿ, ಮಾತಾಡುವಾಗ ಗೊತ್ತಿರುವ ಪದವೇ ಬಾಯಿಗೆ ಬರುವುದಿಲ್ಲ. ಮಾತ್ರೆ ತಗೊಂಡರೂ ಏನೂ ಕಡಿಮೆಯಾದಂತಿಲ್ಲ. ಇದನ್ನು ದಾಟಿದವರು ಹೇಗೆ ದಿನ ತಳ್ಳಿದಿರಿ, ಸ್ವಲ್ಪ ಹೇಳ್ತೀರಾ?

ಉತ್ತರ 1: ಮೊದಲು ಕಣ್ಣು ನೋಡಿಕೊಳ್ಳಿ, ಮಿಕ್ಕಿದ್ದು ಆಮೇಲೆ. ಜೋತುಬಿದ್ದ ಕಡೆ ರೆಪ್ಪೆ ಪೂರ್ತಿ ಮುಚ್ಚದಿದ್ದರೆ ಕಣ್ಣು ಒಣಗಿ ಗಾಯವಾಗುತ್ತದೆ. ಹಗಲು ಕೃತಕ ಕಣ್ಣೀರಿನ ಹನಿ, ಮಲಗುವಾಗ ಕಣ್ಣಿನ ಮುಲಾಮು, ರೆಪ್ಪೆ ಮುಚ್ಚಿ ಮೇಲೊಂದು ಪೇಪರ್ ಟೇಪ್. ಅಂಟಿಸುವುದನ್ನು ನರ್ಸ್ ಹತ್ತಿರ ಒಮ್ಮೆ ತೋರಿಸಿಕೊಳ್ಳಿ. ಒಳಗೆ ಕಣ್ಣು ತೆರೆದುಕೊಂಡರೆ ಟೇಪೇ ಉಜ್ಜುತ್ತದೆ. ಕಣ್ಣು ಕೆಂಪಾಗಿ ನೋವು ಬಂದರೆ ಅದೇ ದಿನ ತೋರಿಸಿ. ನನಗೆ ನೀರು ಕುಡಿದರೆ ಬಾಯಿಯ ಮೂಲೆಯಿಂದ ಸೋರುತ್ತಿತ್ತು. ಸರಿಯಿರುವ ಕಡೆಯಿಂದ ಸಣ್ಣ ಸಣ್ಣ ಗುಟುಕು ಕುಡಿಯುವುದು ಅಭ್ಯಾಸವಾಯಿತು. ಮುಖ ಹೆಚ್ಚಿನವರಿಗೆ ವಾಪಸ್ ಬರುತ್ತದೆ, ಆದರೆ ವಾರ, ತಿಂಗಳುಗಳ ಲೆಕ್ಕ.

ಉತ್ತರ 2: ಮಾತ್ರೆ ಬ್ಯಾಕ್ಟೀರಿಯಾ ಕೊಲ್ಲುತ್ತದೆ, ಅದರ ಕೆಲಸ ಅಷ್ಟೇ. ಪೆಟ್ಟು ತಿಂದ ನರ ತನ್ನ ಪಾಡಿಗೆ ನಿಧಾನವಾಗಿ ಚೇತರಿಸಿಕೊಳ್ಳುತ್ತದೆ. ನರಕ್ಕೆ ಹೋದ ಲೈಮ್‌ಗೆ ಕೋರ್ಸ್ ಸಾಮಾನ್ಯವಾಗಿ 2ರಿಂದ 3 ವಾರ. ಅದು ಮುಗಿದ ಮೇಲೂ ಉರಿ ಇದ್ದರೆ ಔಷಧಿ ಕೆಲಸ ಮಾಡಲಿಲ್ಲ ಅಂತ ಅಲ್ಲ. ಉರಿಗೆ ಬೇರೆಯೇ ಮಾತ್ರೆ ಇದೆ, ಗ್ಯಾಬಪೆಂಟಿನ್, ಅಮಿಟ್ರಿಪ್ಟಿಲಿನ್ ಥರದ್ದು. ಡಾಕ್ಟರನ್ನು ಕೇಳಿ, ಸುಮ್ನೆ ಸಹಿಸಿಕೊಂಡು ಕೂರಬೇಡಿ. ಇವು ಮಂಪರು ತರಿಸುತ್ತವೆ, ತಲೆ ಮೊದಲೇ ಮಂಕಾಗಿದ್ದರೆ ಅದನ್ನೂ ಹೇಳಿ.

ಪದ ಸಿಗದೇ ಇರುವುದು ನನ್ನನ್ನು ತುಂಬಾ ಕಾಡಿತ್ತು. ಎದುರಿಗಿರುವ ಬಾಚಣಿಗೆಗೆ 'ಅದು, ತಲೆಗೆ, ಅದೇ' ಅನ್ನುತ್ತಿದ್ದೆ. ಮನೆಯವರು ಪದ ಎತ್ತಿಕೊಡಲು ಮುಗಿಬಿದ್ದರೆ ಇನ್ನೂ ಕೈಕೊಡುತ್ತಿತ್ತು. ಸ್ವಲ್ಪ ಕಾಯಿರಿ ಅಂತ ಮೊದಲೇ ಹೇಳಿಟ್ಟೆ, ಅರ್ಧ ಒತ್ತಡ ಅಲ್ಲೇ ಹೋಯಿತು. ಲೆಕ್ಕ, ಫೋನು, ಡಾಕ್ಟರ್ ಹತ್ತಿರ ಮಾತು, ಎಲ್ಲಾ ತಲೆ ತಿಳಿಯಾಗಿರುವ ಹೊತ್ತಿಗೆ. ನನಗದು ಬೆಳಿಗ್ಗೆ. ಒಲೆ ಹಚ್ಚಿದರೆ ಟೈಮರ್ ಇಡದೆ ಅಲ್ಲಾಡುತ್ತಿರಲಿಲ್ಲ. ಮತ್ತೆ, ಚೆನ್ನಾಗಿರುವ ದಿನ ಬಾಕಿ ಕೆಲಸವೆಲ್ಲ ಮುಗಿಸಲು ಹೋಗಬೇಡಿ. ಮರುದಿನ ಹಾಸಿಗೆಯೇ ಗತಿ.

ಉತ್ತರ 3: ಡಾಕ್ಸಿಸೈಕ್ಲಿನ್ ಬಗ್ಗೆ ಎರಡು ಮಾತು. ದೊಡ್ಡ ಲೋಟ ನೀರಿನ ಜೊತೆ ನುಂಗಿ, ಅರ್ಧ ಗಂಟೆ ಮಲಗಬೇಡಿ, ಇಲ್ಲದಿದ್ದರೆ ಅನ್ನನಾಳ ಸುಡುತ್ತದೆ. ಕಬ್ಬಿಣದ ಮಾತ್ರೆ, ಅಸಿಡಿಟಿ ಮಾತ್ರೆ ಜೊತೆಗೆ ತಗೊಂಡರೆ ಔಷಧಿಯನ್ನು ಮೈ ಸರಿಯಾಗಿ ಹೀರಿಕೊಳ್ಳುವುದಿಲ್ಲ. ಬಿಸಿಲಿಗೆ ಚರ್ಮ ಬೇಗ ಕೆಂಪಾಗುತ್ತದೆ. ಔಷಧಿ ಶುರುವಾದ ಮೊದಲ ದಿನ ಜ್ವರ, ಮೈನೋವು ಏರಿ ಇಳಿಯುವುದುಂಟು. ಆದರೆ ವಾರಗಟ್ಟಲೆ ಹದಗೆಡುತ್ತಾ ಹೋದರೆ 'ಕೀಟಾಣು ಸಾಯ್ತಿದೆ, ಒಳ್ಳೇದೇ' ಅಂತ ಸಮಾಧಾನ ಹೇಳುವವರ ಮಾತು ನಂಬಬೇಡಿ, ಡಾಕ್ಟರಿಗೆ ತೋರಿಸಿ. ಜೋರು ತಲೆನೋವಿನ ಜೊತೆ ದೃಷ್ಟಿ ಮಂಜಾದರಂತೂ ತಕ್ಷಣ. ಈ ಮಾತ್ರೆಯೇ ಅಪರೂಪಕ್ಕೆ ತಲೆಯೊಳಗಿನ ಒತ್ತಡ ಏರಿಸುತ್ತದೆ.

ಉತ್ತರ 4: ಸುಸ್ತು, ಮಂಕು ತಿಂಗಳುಗಟ್ಟಲೆ ಉಳಿದರೆ 'ಕ್ರಾನಿಕ್ ಲೈಮ್' ಅಂತ ಯಾರಾದರೂ ವರ್ಷಗಟ್ಟಲೆ ಆಂಟಿಬಯೋಟಿಕ್ ಕೊಡಲು ಬರುತ್ತಾರೆ. ನಾನು ಒಪ್ಪಲಿಲ್ಲ. 2016ರಲ್ಲಿ ಪ್ರಕಟವಾದ ನೆದರ್ಲೆಂಡ್ಸ್ ಅಧ್ಯಯನದಲ್ಲಿ ಎಲ್ಲರಿಗೂ 2 ವಾರ ಸೆಫ್ಟ್ರಿಯಾಕ್ಸೋನ್ ಅನ್ನುವ ಆಂಟಿಬಯೋಟಿಕ್ ಡ್ರಿಪ್ ಕೊಟ್ಟು, ಆಮೇಲೆ ಕೆಲವರಿಗೆ 12 ವಾರ ಆಂಟಿಬಯೋಟಿಕ್, ಉಳಿದವರಿಗೆ ಬರೀ ಹುಸಿ ಮಾತ್ರೆ ಕೊಟ್ಟರು. ಬದುಕಿನ ಗುಣಮಟ್ಟದಲ್ಲಿ ವ್ಯತ್ಯಾಸ ಕಾಣಲಿಲ್ಲ. ಉದ್ದದ ಕೋರ್ಸಿನಲ್ಲಿ ಭೇದಿ, ಡ್ರಿಪ್ ಲೈನಿಗೆ ಸೋಂಕು ಬೇರೆ. ಸೋಂಕಿನ ವಿರುದ್ಧ ದೇಹ ತಯಾರಿಸುವ ಆಂಟಿಬಾಡಿ ಕಾಯಿಲೆ ವಾಸಿಯಾದ ಮೇಲೂ ರಕ್ತದಲ್ಲಿ ವರ್ಷಾನುಗಟ್ಟಲೆ ಇರುತ್ತದೆ, ಅದನ್ನು ನೋಡಿ ಹೆದರಬೇಡಿ. ಅದರ ಬದಲು ಬಿ12, ಥೈರಾಯ್ಡ್, ನಿದ್ದೆ, ಇವನ್ನೊಮ್ಮೆ ಪರೀಕ್ಷಿಸಿ. ಎಲ್ಲವನ್ನೂ ಲೈಮ್ ತಲೆಗೇ ಕಟ್ಟಬಾರದು ಅಲ್ವಾ?

ಉತ್ತರ 5: ಒಂದು ಬಿಟ್ಟುಹೋಗಿದೆ. ತಲೆ ತಿರುಗಿ ಬೀಳುವಂತಾದರೆ, ಎದೆಬಡಿತ ತಪ್ಪಿದಂತಾದರೆ ಸುಸ್ತು ಅಂದುಕೊಂಡು ಮಲಗಬೇಡಿ. ಲೈಮ್ ಹೃದಯಕ್ಕೂ ಹೋಗುತ್ತದೆ. ಆಸ್ಪತ್ರೆಗೆ ಹೋಗಿ ಆಗಲೇ ಇಸಿಜಿ ಮಾಡಿಸಿ.